ಬಾಲಚರ ಸಂಸ್ಥೆಯೂ ಶಿಬಿರಧರ್ಮವೂ



ಜಾತ್ರೆ ಉತ್ಸವಗಳ ಜನಸಂದಣಿಯಲ್ಲಿ ಕೊರಳಿಗೆ ಬಣ್ಣದ ವಸ್ತ್ರ ಕಟ್ಟಿಕೊಂಡ ಹುಡುಗರೂ ಹುಡುಗಿಯರೂ ದಣಿದವರಿಗೆ ನೀರು ಕೊಡುವದನ್ನೂ, ತಪ್ಪಿಸಿಕೊಂಡ ಕೂಸುಗಳನ್ನು ತಾಯಂದಿರ ಕೈಗೆ ಒಪ್ಪಿಸುವದನ್ನೂ ಈ ಸಭೆಯಲ್ಲಿ ಕೂತಿರುವವರು ಅನೇಕ ಸಲ ಕಂಡಿರಬಹುದು. ಇವರಿಗೆ ಸ್ಕೌಟರು, ಗೈಡರು ಎಂದು ಹೆಸರು. ಕನ್ನಡದಲ್ಲಿ ಬಾಲಚರರು ಎನ್ನುವ ರೂಢಿಯುಂಟು. ಅವರ ಸಂಸ್ಥೆಯು ಎಲ್ಲಿ ಹುಟ್ಟಿತು, ಯಾವ ದಾರಿಯಿಂದ ನಮ್ಮ ನಾಡಿಗೆ ಬಂತು, ಅದರ ಶಿಬಿರಗಳಲ್ಲಿ ಏನು ಕಲಿಸುವರು, ಆ ಶಿಬಿರಗಳಿಗೂ ನಮ್ಮ ಮಠಮಾನ್ಯಗಳಿಗೂ ಸಂಬಂಧವೇನು ಎಂಬ ನಾಲ್ಕು ಸಂಗತಿಗಳನ್ನು ಇಂದು ವಿಚಾರಿಸತಕ್ಕದ್ದಿದೆ. ಈ ಇತಿಹಾಸವೆಲ್ಲವೂ ಬಾಗಿಲೊಂದರ ಇತಿಹಾಸ. ಆ ಬಾಗಿಲು ಯಾರಿಗೆ ತೆರೆಯಿತು, ಯಾರನ್ನು ಹೊರಗಿಟ್ಟಿತು, ಹೊರಗುಳಿದವರು ಏನು ಮಾಡಿದರು ಎಂಬುದನ್ನು ನೋಡಿದರೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯುವದು.

ಈ ಸಂಸ್ಥೆಯ ಮೂಲಪುರುಷನು ಬೇಡನ್ ಪೊವೆಲ್ ಎಂಬ ಆಂಗ್ಲ ಸೇನಾನಿ. 1857ರ ಫೆಬ್ರುವರಿ 22ರಂದು ಲಂಡನ್ನಿನಲ್ಲಿ ಹುಟ್ಟಿದ ಈತನು 1876ರಲ್ಲಿ ಭಾರತಕ್ಕೆ ಬಂದು ಲಖನೌದಲ್ಲಿ ದಂಡಿನ ಅಧಿಕಾರಿಯಾದನು. ದಕ್ಷಿಣ ಆಫ್ರಿಕದ ಮಾಫೆಕಿಂಗ್ ಎಂಬ ಪಟ್ಟಣವನ್ನು 1899ರಲ್ಲಿ ಬೋಅರ ಜನರು ಮುತ್ತಿದಾಗ 217 ದಿನಗಳವರೆಗೆ ಅದನ್ನು ಕಾಯ್ದವನು ಈತನೇ. ಹೋರಾಡುವ ಗಂಡಸರು ಸಾಲದ ಆ ಹೊತ್ತಿನಲ್ಲಿ ಊರಿನ ಹುಡುಗರು ಓಲೆಗಳನ್ನು ಒಯ್ಯುವ ಕೆಲಸಕ್ಕೆ ನಿಂತರು. ಗುಂಡು ಹಾರುವ ಬೀದಿಯಲ್ಲಿ ಬೈಸಿಕಲ್ಲು ಹತ್ತಿ ಓಡಾಡಿದರು. ಹುಡುಗನಿಗೆ ಹೊಣೆ ಒಪ್ಪಿಸಿದರೆ ಅವನು ಹೊಣೆಗಾರನೇ ಆಗುವನು ಎಂಬುದನ್ನು ಸೇನಾನಿಯು ಅಲ್ಲಿ ಕಣ್ಣಾರೆ ಕಂಡನು. ಯುದ್ಧದಲ್ಲಿ ಕಂಡ ಸತ್ಯವನ್ನು ಶಾಂತಿಯ ಕೆಲಸಕ್ಕೆ ತಿರುಗಿಸಿದ್ದೇ ಈತನ ಹಿರಿಮೆ.

1907ರ ಆಗಸ್ಟ್ ತಿಂಗಳ ಮೊದಲನೆಯ ವಾರದಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಚಿಕ್ಕ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಕೂಡಿಸಿ ಆತನು ಮೊದಲನೆಯ ಶಿಬಿರವನ್ನು ನಡೆಸಿದನು. ಅವರನ್ನು ನಾಲ್ಕು ತುಕಡಿ ಮಾಡಿ, ತುಕಡಿಗೊಬ್ಬ ಹುಡುಗನನ್ನೇ ಮುಖಂಡನನ್ನಾಗಿ ಮಾಡಿದನು. ಇಲ್ಲಿ ಮನಸ್ಸಿಟ್ಟು ಕೇಳತಕ್ಕ ಮಾತೊಂದಿದೆ. ಆ ಹುಡುಗರಲ್ಲಿ ಸುಮಾರು ಅರ್ಧದಷ್ಟು ಜನ ಸಿರಿವಂತರ ವಿದ್ಯಾಲಯಗಳಿಂದ ಬಂದವರು. ಉಳಿದವರು ಸಮೀಪದ ಪಟ್ಟಣಗಳ ದುಡಿಯುವ ಜನರ ಮಕ್ಕಳು. ಶಿಬಿರದ ಶುಲ್ಕವು ಸಿರಿವಂತರ ಶಾಲೆಯ ಹುಡುಗನಿಗೆ 1 ಪೌಂಡ್. ಬಡವನ ಮಗನಿಗೆ 3 ಶಿಲಿಂಗ್ 6 ಪೆನ್ಸ್. ಒಂದು ಪೌಂಡಿಗೆ ಆಗ 20 ಶಿಲಿಂಗ್ ಆದ್ದರಿಂದ ಬಡವನು ಕೊಟ್ಟದ್ದು ಸಿರಿವಂತನು ಕೊಟ್ಟದ್ದರ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಡೇರೆ ಒಂದೇ, ಊಟ ಒಂದೇ, ಕೆಲಸ ಒಂದೇ. ಬಾಲಚರಧರ್ಮದ ಬೀಜವು ಇದೇ ಆಗಿದೆ. ಮರುವರ್ಷ 1908ರಲ್ಲಿ ಆತನು ಬಾಲಕರಿಗಾಗಿ ಬರೆದ ಗ್ರಂಥವು ಹೊರಬಿದ್ದಿತು. ಅದನ್ನು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ಊರೂರಲ್ಲಿ ದಳ ಕಟ್ಟಿಕೊಂಡರು.

ಹುಡುಗಿಯರೂ ಸುಮ್ಮನಿರಲಿಲ್ಲ. 1909ರ ಸಪ್ಟಂಬರದಲ್ಲಿ ಲಂಡನ್ನಿನ ಸ್ಫಟಿಕ ಸೌಧದ ಹತ್ತರ ಬಾಲಚರರ ದೊಡ್ಡ ಮೇಳವು ನೆರೆದಾಗ ಕೆಲವು ಬಾಲಿಕೆಯರು ಕರೆಯದೆಯೇ ಬಂದು, ತಾವೂ ಬಾಲಚರರೇ ಎಂದು ನಿಂತುಕೊಂಡರು. ಅವರನ್ನು ಹಿಂದಕ್ಕೆ ಕಳಿಸುವದು ಆಗಲಿಲ್ಲ. ಮರುವರ್ಷ ಸೇನಾನಿಯ ತಂಗಿ ಆಗ್ನೆಸ್ ಬೇಡನ್ ಪೊವೆಲ್ಲಳ ಮುಂದಾಳ್ತನದಲ್ಲಿ ಗೈಡ್ ಸಂಸ್ಥೆಯು ಹುಟ್ಟಿತು. ಬಾಗಿಲು ಮುಚ್ಚಿದಲ್ಲಿ ತಟ್ಟಿ ತೆರೆಯಿಸಿಕೊಂಡವರು ಹೀಗೆ ಮೊದಲು ಹೆಣ್ಣುಮಕ್ಕಳೇ.

ಇನ್ನು ನಮ್ಮ ನಾಡಿನ ವೃತ್ತಾಂತ. ಭಾರತದಲ್ಲಿ ಬಾಲಚರ ದಳವು ಮೊಟ್ಟಮೊದಲು ಹುಟ್ಟಿದ್ದು ಕನ್ನಡ ನೆಲದಲ್ಲಿಯೇ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬವನು ಬೆಂಗಳೂರಿನಲ್ಲಿ ಅದನ್ನು ಸ್ಥಾಪಿಸಿ ಲಂಡನ್ನಿನ ಮುಖ್ಯ ಕಚೇರಿಯಲ್ಲಿ ದಾಖಲು ಮಾಡಿಸಿದನು. ಬಳಿಕ ಎರಡು ವರ್ಷಗಳಲ್ಲಿ ಪುಣೆಯ ಹತ್ತರದ ಖಡಕಿ, ಸಿಮ್ಲಾ, ಮದ್ರಾಸ, ಜಬಲಪುರ ಮೊದಲಾದೆಡೆ ದಳಗಳಾದವು; ಜಬಲಪುರದಲ್ಲಿ 1911ರಲ್ಲಿ ಬಾಲಿಕೆಯರ ಮೊದಲ ಗೈಡ್ ದಳವೂ ಆಯಿತು. ಆದರೆ ಈ ದಳಗಳು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳ ಸಲುವಾಗಿ ಮಾತ್ರ ಇದ್ದವು. ಕನ್ನಡ ನೆಲದ ಮೇಲೆ ಹೂಡಿದ ಡೇರೆಯಲ್ಲಿ ಕನ್ನಡದ ಕೂಸಿಗೆ ಎಡೆಯಿರಲಿಲ್ಲ. ಇಂಗ್ಲೆಂಡಿನಲ್ಲಿ ಸಿರಿವಂತನ ಮಗನೂ ಬಡವನ ಮಗನೂ ಒಂದೇ ಡೇರೆಯಲ್ಲಿ ಮಲಗಿದ ಎರಡೇ ವರ್ಷಗಳ ಮೇಲೆ, ಸಮುದ್ರ ದಾಟಿ ಬಂದ ಅದೇ ಸಂಸ್ಥೆಯು ಮೈಬಣ್ಣ ನೋಡಿ ಬಾಗಿಲು ಹಾಕಿತೆಂಬುದನ್ನು ಯಾರೂ ಮರೆಯತಕ್ಕದ್ದಲ್ಲ.

ಹೊರಗುಳಿದವರು ಅಳುತ್ತ ಕೂಡ್ರಲಿಲ್ಲ. ತಮ್ಮ ಮನೆಯನ್ನು ತಾವೇ ಕಟ್ಟಿಕೊಂಡರು. 1916ರಲ್ಲಿ ಡಾಕ್ಟರ್ ಆನಿ ಬೆಸೆಂಟ್ ಅಮ್ಮನವರು ಜಿ. ಎಸ್. ಅರುಂಡೇಲರ ನೆರವಿನಿಂದ ಮದ್ರಾಸಿನಲ್ಲಿ ಭಾರತೀಯ ಬಾಲಕರಿಗಾಗಿಯೇ ಒಂದು ಬಾಲಚರ ಸಂಸ್ಥೆಯನ್ನು ತೆಗೆದರು. ಉತ್ತರದಲ್ಲಿ ಪಂಡಿತ ಮದನಮೋಹನ ಮಾಳವೀಯರು, ಪಂಡಿತ ಹೃದಯನಾಥ ಕುಂಝರೂ, ಪಂಡಿತ ಶ್ರೀರಾಮ ವಾಜಪೇಯಿ ಇವರು ಅಲಹಾಬಾದಿನಲ್ಲಿ ಸೇವಾಸಮಿತಿ ಬಾಲಚರ ಸಂಸ್ಥೆಯನ್ನು ಕಟ್ಟಿದರು. ಮೈಸೂರು ಸಂಸ್ಥಾನದಲ್ಲಿ ಅರಮನೆಯ ಆಶ್ರಯ ದೊರೆತು ಈ ಕಾರ್ಯವು ಶಾಲೆಶಾಲೆಗೂ ಹಬ್ಬಿತು. 1921ರಲ್ಲಿ ಬೇಡನ್ ಪೊವೆಲ್ಲನು ಭಾರತಕ್ಕೆ ಬಂದಾಗ ಬೆಸೆಂಟ್ ಅಮ್ಮನವರ ಸಂಸ್ಥೆಯು ಮೂಲ ಸಂಸ್ಥೆಯಲ್ಲಿ ಕೂಡಿಕೊಂಡಿತು. ಭಾರತೀಯ ಬಾಲಕರಿಗೆ ಅದರ ಬಾಗಿಲೂ ತೆರೆಯಿತು. ಇಂದಿಗೂ ದೊಡ್ಡಬಳ್ಳಾಪುರದಲ್ಲಿರುವ ಬಾಲಚರರ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟ್ ಉದ್ಯಾನವೆಂಬ ಹೆಸರು ನಿಂತಿರುವದು ಆ ಉಪಕಾರದ ನೆನಪಿಗಾಗಿಯೇ ಸರಿ.

ಮುಂಬಯಿ ಕರ್ನಾಟಕದಲ್ಲಿ ಇದರ ನೆರೆಯಲ್ಲಿಯೇ ಬೇರೊಂದು ಸೇವೆಯ ದಂಡು ಎದ್ದಿತು. ಧಾರವಾಡದಲ್ಲಿ 1889ರಲ್ಲಿ ಜನಿಸಿದ ಡಾಕ್ಟರ್ ನಾ. ಸು. ಹರ್ಡೀಕರರು ಅಮೇರಿಕದಲ್ಲಿ ವ್ಯಾಸಂಗ ಮಾಡಿ ಬಂದು ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿದರು. 1923ರ ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ ಹುಬ್ಬಳ್ಳಿಯ ತರುಣರು ಕ್ಷಮೆ ಬೇಡಲೊಲ್ಲದೆ ಶಿಸ್ತಿನಿಂದ ನಿಂತ ಬಗೆಯು ದೇಶಕ್ಕೆಲ್ಲ ತಿಳಿಯಿತು. ಅದೇ ವರ್ಷದ ಡಿಸೆಂಬರದಲ್ಲಿ ಕಾಕಿನಾಡದ ಕಾಂಗ್ರೆಸಿನ ಕಾಲಕ್ಕೆ ಹಿಂದುಸ್ತಾನಿ ಸೇವಾದಳವು ಹುಟ್ಟಿತು. 1924ರಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ನೆರೆದಾಗ ಆ ಮಹಾನಗರಿಯ ಕಾವಲು, ಚೊಕ್ಕಟತನ, ಅತಿಥಿಸೇವೆಗಳಲ್ಲಿ ಸ್ವಯಂಸೇವಕರು ದುಡಿದರು. ಸೇವಾದಳವು ಬಾಲಚರ ಸಂಸ್ಥೆಯಲ್ಲ. ಅದರ ಗುರಿ ಸ್ವರಾಜ್ಯ. ಆದರೆ ಡೇರೆ, ಕವಾಯತು, ಸಾಲುಗಟ್ಟಿದ ಊಟ, ಸಲಿಕೆ ಹಿಡಿದು ಕಸ ಹೂಳುವ ಕೆಲಸ, ಇವೆಲ್ಲ ಎರಡಕ್ಕೂ ಸಮಾನ. ಆ ಕಾಲದ ಕನ್ನಡಿಗರಿಗೆ ಶಿಬಿರವೆಂಬ ಶಬ್ದವು ಪರಿಚಿತವಾದದ್ದು ಈ ಎರಡು ದಾರಿಗಳಿಂದ.

ಹಾಗಾದರೆ ಆ ಹೊತ್ತಿಗೆ ನಮ್ಮ ಮೂರು ತಾಲೂಕುಗಳ ಮಕ್ಕಳು ಎಲ್ಲಿದ್ದರು? ಆಳಂದ, ಅಫಜಲಪುರ, ಜೇವರ್ಗಿಗಳು ಆಗ ನಿಜಾಮರ ಹೈದರಾಬಾದ ಸಂಸ್ಥಾನದ ಪಡುವಣ ಅಂಚಿನಲ್ಲಿದ್ದವು. ಆಚೆ ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ಸಿಂದಗಿಗಳ ಸೀಮೆ. ಬಾಲಚರ ದಳವು ಎಲ್ಲಿಯೂ ಪಾಠಶಾಲೆಯ ಬೆನ್ನುಹತ್ತಿ ಬರುವಂಥದು; ಶಾಲೆಯಿಲ್ಲದಲ್ಲಿ ದಳವಿಲ್ಲ. ನಿಜಾಮರ ಆಳಿಕೆಯಲ್ಲಿ ಮೇಲಿನ ತರಗತಿಗಳ ವಿದ್ಯೆಯೆಲ್ಲ ಉರ್ದುವಿನಲ್ಲಿ. ಕನ್ನಡದ ಶಾಲೆಗಳು ವಿರಳ. ಖಾಸಗಿ ಶಾಲೆ ತೆರೆಯಲಿಕ್ಕೂ ಸಭೆ ನೆರೆಯಿಸಲಿಕ್ಕೂ ಸರಕಾರದ ಅಪ್ಪಣೆ ಬೇಕು. ಹೀಗಿರಲಾಗಿ ಹಳ್ಳಿಯ ಒಕ್ಕಲಿಗನ ಮಗನಿಗೆ ಅಕ್ಷರವೇ ಎಟುಕದು. ಬಾಲಚರನ ಕೊರಳವಸ್ತ್ರವು ಎಲ್ಲಿಂದ ಎಟುಕಬೇಕು?

ಈ ಸೀಮೆಯ ಹಿರಿಯರಿಗೆ ಶಿಬಿರವೆಂದರೆ ಮೊದಲು ನೆನಪಾಗುತ್ತಿದ್ದದ್ದು ಬೇರೆಯೇ. 1947ರ ಆಗಸ್ಟಿನಲ್ಲಿ ದೇಶವು ಸ್ವತಂತ್ರವಾದರೂ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಕೂಡಲಿಲ್ಲ. ರಜಾಕಾರರ ಹಾವಳಿಗೆ ಹೆದರಿ ಜನರು ಗಡಿ ದಾಟಿದರು. ಸ್ವಾಮಿ ರಮಾನಂದ ತೀರ್ಥರ ಮುಂದಾಳ್ತನದ ಚಳವಳಿಯ ತರುಣರು ಗಡಿಯಾಚೆಯ ನೆಲದಲ್ಲಿ ಶಿಬಿರಗಳನ್ನು ಹೂಡಿ ಹೋರಾಡಿದರು. 1948ರ ಸಪ್ಟಂಬರ 13ರಂದು ಭಾರತದ ಸೈನ್ಯವು ಒಳಹೊಕ್ಕು, 17ರಂದು ನಿಜಾಮರು ಶರಣಾಗತರಾದ ಮೇಲೆ ಆ ಶಿಬಿರಗಳು ಮುಗಿದವು. ಹೀಗೆ ಭಯದಿಂದ ಪಾರಾಗಲು ಹೂಡಿದ ಡೇರೆಯನ್ನು ಕಂಡ ನಾಡಿಗೆ, ಮಕ್ಕಳ ಆನಂದಕ್ಕಾಗಿಯೂ ಸೇವೆಯ ಕಲಿಕೆಗಾಗಿಯೂ ಡೇರೆ ಹೂಡುವರೆಂಬ ಮಾತು ಹೊಸದಾಗಿ ತೋರಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಅತ್ತ ದೇಶದಲ್ಲಿ ಬಾಲಚರರ ಮನೆಯೂ ಒಡೆದಿತ್ತು. 1937ರಲ್ಲಿ ದಿಲ್ಲಿಯಲ್ಲಿ ಅಖಿಲ ಭಾರತದ ಮೊದಲ ಜಾಂಬೂರಿ, ಅಂದರೆ ಬಾಲಚರರ ಮಹಾಮೇಳವು ನೆರೆಯಿತು. ಮುಪ್ಪಿನ ಬೇಡನ್ ಪೊವೆಲ್ಲನು ಅದಕ್ಕೆ ಬಂದಿದ್ದನು. ಆದರೆ ಅನಂತರ ಭಾರತೀಯರ ಶೀಲದ ವಿಷಯವಾಗಿ ಆತನು ಆಡಿದ ಮಾತುಗಳು ಇಲ್ಲಿಯ ಮುಖಂಡರ ಮನಸ್ಸನ್ನು ನೋಯಿಸಿದವು. ಹಿರಿಯನಾದವನೂ ಎಡವುವದುಂಟು; ಮಕ್ಕಳಿಗೆ ಮಾನವನ್ನು ಕಲಿಸಿದವನೇ ಒಂದು ನಾಡಿನ ಮಾನವನ್ನು ಅರಿಯದೆ ಹೋದನು. ಅದರ ಫಲವಾಗಿ 1938ರಲ್ಲಿ ಹಿಂದುಸ್ತಾನ ಸ್ಕೌಟ್ ಸಂಸ್ಥೆಯು ಬೇರೆಯಾಗಿ ನಿಂತಿತು. ಸ್ವಾತಂತ್ರ್ಯದ ತರುವಾಯ ಪಂಡಿತ ಜವಾಹರಲಾಲ ನೆಹರೂ, ವಿದ್ಯಾಮಂತ್ರಿ ಮೌಲಾನಾ ಅಬುಲ್ ಕಲಾಮ್ ಆಜಾದ್, ಮಂಗಳದಾಸ ಪಕ್ವಾಸಾ, ಕುಂಝರೂ ಮೊದಲಾದವರ ಯತ್ನದಿಂದ 1950ರ ನವೆಂಬರ 7ರಂದು ಬೇರೆ ಬೇರೆ ದಳಗಳು ಒಂದಾಗಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾಯಿತು. 1951ರ ಆಗಸ್ಟ್ 15ರಂದು ಬಾಲಿಕೆಯರ ಸಂಸ್ಥೆಯೂ ಬಂದು ಕೂಡಿತು. ಮನೆಯು ಒಂದಾಯಿತು; ಹೆಣ್ಣುಮಕ್ಕಳಿಗೆ ಅದರೊಳಗೆ ಸಮಪಾಲು ದೊರೆಯಿತು.

ಈ ಕೂಡಿದ ಸಂಸ್ಥೆಯ ಮೊದಲ ರಾಷ್ಟ್ರೀಯ ಜಾಂಬೂರಿಯು 1953ರಲ್ಲಿ ನೆರೆದದ್ದು ಹೈದರಾಬಾದಿನಲ್ಲಿ. ಆಗ ಕಲಬುರ್ಗಿ ಜಿಲ್ಲೆಯು ಹೈದರಾಬಾದ ರಾಜ್ಯದಲ್ಲಿಯೇ ಇದ್ದಿತು. ಐದು ವರ್ಷಗಳ ಹಿಂದೆ ಭಯವು ಮುಸುಕಿದ್ದ ರಾಜಧಾನಿಯಲ್ಲಿ ದೇಶದ ಎಲ್ಲ ಮೂಲೆಗಳ ಮಕ್ಕಳು ಡೇರೆ ಹೂಡಿ ಹಾಡಿದರೆಂಬುದು ಸಣ್ಣ ಮಾತಲ್ಲ. 1956ರ ನವೆಂಬರ 1ರಂದು ಕಲಬುರ್ಗಿ, ಬೀದರ, ರಾಯಚೂರುಗಳು ಮೈಸೂರು ರಾಜ್ಯದಲ್ಲಿ ಕೂಡಿದವು. 1960ರಲ್ಲಿ ಮೂರನೆಯ ಜಾಂಬೂರಿಯು ಬೆಂಗಳೂರಿನಲ್ಲಿ ನೆರೆಯುವ ಹೊತ್ತಿಗೆ ಭೀಮಾತೀರದ ಮಕ್ಕಳಿಗೆ ಬೆಂಗಳೂರು ಪರರ ಪಟ್ಟಣವಾಗಿರದೆ ತಮ್ಮದೇ ರಾಜಧಾನಿಯಾಗಿತ್ತು. 1909ರಲ್ಲಿ ಕನ್ನಡದ ಕೂಸನ್ನು ಹೊರಗಿಟ್ಟ ಪಟ್ಟಣದಲ್ಲಿಯೇ 1960ರಲ್ಲಿ ದೇಶದ ಮಕ್ಕಳೆಲ್ಲರಿಗೂ ಬಾಗಿಲು ತೆರೆದಿತ್ತು. ಮುಂದೆ ರಾಜ್ಯದಲ್ಲಿ ಈ ಕಾರ್ಯವನ್ನು ಬೆಳೆಸಿದವರಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರು ಹಿರಿದು. ಹರಿಹರದ ಹತ್ತರದ ಕೊಂಡಜ್ಜಿಯಲ್ಲಿ ಕೆರೆಗುಡ್ಡಗಳ ನಡುವಿನ ತರಬೇತಿ ಶಿಬಿರವು ನಾಡಿನ ಬಾಲಚರರಿಗೆಲ್ಲ ಪರಿಚಿತವಾದ ತಾಣ. 2022ರ ಡಿಸೆಂಬರದಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯು ಜರುಗಿದ್ದನ್ನು ಇಲ್ಲಿರುವವರಲ್ಲಿ ಹಲವರು ಬಲ್ಲರು.

ಇನ್ನು ಶಿಬಿರದಲ್ಲಿ ಏನು ಕಲಿಸುವರೆಂಬುದು. ಬಾಲಚರನು ಹತ್ತು ವರ್ಷ ತುಂಬಿದವನು. ಆರರಿಂದ ಎಂಟು ಮಕ್ಕಳಿಗೆ ಒಂದು ತುಕಡಿ. ಅಂಥ ನಾಲ್ಕು ಕೂಡಿದರೆ ತುಂಬಿದ ದಳ. ಪ್ರತಿಯೊಬ್ಬನೂ ಮೂರು ಬೆರಳೆತ್ತಿ ಮೂರು ಮಾತು ಕೊಡುವನು: ದೇವರಿಗೂ ದೇಶಕ್ಕೂ ಕರ್ತವ್ಯ ಸಲ್ಲಿಸುವದು, ಪರರಿಗೆ ನೆರವಾಗುವದು, ದಳದ ನಿಯಮವನ್ನು ಪಾಲಿಸುವದು. ದಿನಕ್ಕೊಂದಾದರೂ ಉಪಕಾರ ಮಾಡದೆ ಮಲಗಬಾರದೆಂಬುದು ಅವನ ವ್ರತ.

ಶಿಬಿರದಲ್ಲಿ ಈ ಮಾತುಗಳು ಕೈಗೆ ಇಳಿಯುವವು. ಮೊಳೆಯಿಲ್ಲದೆ ಬಿದಿರಿಗೆ ಹಗ್ಗ ಸುತ್ತಿ ಅಡಿಗೆಮನೆಯ ನಿಲುಗಡೆಯನ್ನೂ ಪಾತ್ರೆಯ ಅಟ್ಟವನ್ನೂ ಕಟ್ಟಬೇಕು. ಎಳೆದಷ್ಟೂ ಬಿಗಿಯುವ ಗಂಟು ಯಾವುದು, ಬಾವಿಗೆ ಬಿದ್ದವನ ಸೊಂಟಕ್ಕೆ ಹಾಕಿದರೆ ಜಾರದೆಯೂ ಬಿಗಿಯದೆಯೂ ನಿಲ್ಲುವ ಗಂಟು ಯಾವುದು ಎಂಬುದು ಕತ್ತಲಲ್ಲಿಯೂ ಬೆರಳಿಗೆ ಗೊತ್ತಿರಬೇಕು. ಮುಸುರೆನೀರಿಗೆ ಬೇರೆ ಕುಣಿ, ಮಲಕ್ಕೆ ಬೇರೆ ಕುಣಿ; ಹೊರಡುವ ದಿನ ಎಲ್ಲವನ್ನೂ ಮುಚ್ಚಿ, ಅಲ್ಲಿ ಯಾರೂ ಇರಲಿಲ್ಲವೆಂಬಂತೆ ನೆಲವನ್ನು ಬಿಟ್ಟುಕೊಡಬೇಕು. ಮುರಿದ ಕೈಗೆ ಕೊರಳವಸ್ತ್ರವೇ ಜೋಲಿಯಾಗುವದು; ಎರಡು ಕೋಲು ಒಂದು ಕಂಬಳಿ ಸಿಕ್ಕರೆ ರೋಗಿಯನ್ನು ಹೊರುವ ಡೋಲಿಯಾಗುವದು. ಇವೆಲ್ಲ ಆಟದಂತೆ ಕಂಡರೂ ಆಟವಲ್ಲ. 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಹಗ್ಗದ ಗಂಟಿನ ಬೆಲೆಯನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

ನಮ್ಮ ನೆಲವು ಶಿಬಿರಕ್ಕೆ ಹೊಸದೂ ಅಲ್ಲ. ಮಳೆಗಾಲದಲ್ಲಿ ಇಲ್ಲಿಯ ಎರೆಮಣ್ಣು ಕಾಲಿಗೆ ಅಂಟಿ ಡೇರೆಯ ಗೂಟವನ್ನು ಹಿಡಿಯಗೊಡದು; ಬೇಸಿಗೆಯಲ್ಲಿ ಬಿರುಕುಬಿಟ್ಟು ಸುಡುವದು. ಎಳ್ಳಮಾವಾಸ್ಯೆಯ ಸುತ್ತಿನ ದಿನಗಳೇ ತಕ್ಕ ಕಾಲ. ಆ ಹಬ್ಬದಂದು ಈ ಸೀಮೆಯ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ದಾರಿಹೋಕನನ್ನೂ ಕರೆದು ಉಣಿಸುವರು. ಬಯಲಲ್ಲಿ ಕೂಡಿ ಉಣ್ಣುವ ಈ ಪದ್ಧತಿಯಲ್ಲಿ ಶಿಬಿರದ ಅರ್ಧಾಂಶವು ಅಡಗಿದೆ. ಬಾಲಚರನಿಗೂ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ ಸಾಕು. ರೊಟ್ಟಿ ಬಡಿಯುವದನ್ನು ಅವನೇ ಕಲಿತರೆ ಇನ್ನೂ ಲೇಸು. ಮನೆಯಲ್ಲಿ ತಾಯಿಯ ಕೈಯ ರೊಟ್ಟಿಯನ್ನು ದಿನವೂ ಉಂಡವನಿಗೆ ಒಲೆಯ ಮುಂದಿನ ಬೇಗೆಯು ತಿಳಿಯುವದು ಅಂದೇ.

ಇಷ್ಟು ಹೇಳಿದ ಮೇಲೆ ಕಹಿಯಾದ ಮಾತೊಂದನ್ನು ನುಡಿಯದೆ ನಿರ್ವಾಹವಿಲ್ಲ. ಮೈಬಣ್ಣದಿಂದ ಹೊರಗಿಡುವ ಕಾಲವು ಮುಗಿಯಿತು. ಹೆಣ್ಣೆಂದು ಹೊರಗಿಡುವ ನಿಯಮವೂ ಹೋಯಿತು. ಆದರೆ ಇನ್ನೊಂದು ಬಾಗಿಲು ಉಂಟು. ಅದಕ್ಕೆ ಬೀಗ ಹಾಕಿದವರು ಯಾರೆಂದು ತೋರಿಸಲಿಕ್ಕೆ ಬಾರದು. ಸಮವಸ್ತ್ರ, ಟೊಪ್ಪಿಗೆ, ಬೂಟು, ಬಸ್ಸಿನ ವೆಚ್ಚ, ಶಿಬಿರದ ಶುಲ್ಕ, ಇವುಗಳನ್ನು ಕೂಡಿಸಿ ನೋಡಿದರೆ ಕೂಲಿಯವನ ಮಗನು ತಾನೇ ಹಿಂದೆ ಸರಿಯುವನು. ಯಾರೂ ಅವನನ್ನು ಬೇಡವೆನ್ನಲಿಲ್ಲ. ಆದರೂ ಅವನು ಹೊರಗುಳಿದನು. ಸುಗ್ಗಿಗೆಂದೋ ಕಬ್ಬು ಕಡಿಯಲಿಕ್ಕೆಂದೋ ತಾಯಿತಂದೆಗಳೊಡನೆ ಊರು ಬಿಡುವ ಕೂಸಿಗಂತೂ ಶಿಬಿರದ ಸುದ್ದಿಯೇ ಮುಟ್ಟದು. ಹಗ್ಗದ ಗಂಟು, ನೀರಿನ ಚೊಕ್ಕಟತನ, ಗಾಯದ ಆರೈಕೆ ಯಾವ ಮನೆಗೆ ಎಲ್ಲಕ್ಕಿಂತ ಹೆಚ್ಚು ಬೇಕೋ ಆ ಮನೆಯ ಮಗುವೇ ಕಲಿಯಲಿಕ್ಕೆ ಬಾರದಾಯಿತು. ಪುರಸ್ಕಾರದ ಕಾಗದಕ್ಕಾಗಿ ಬರುವವರು ಎಷ್ಟೇ ಮಂದಿ ಇರಲಿ, ಈ ಒಂದು ಮಗುವು ಹೊರಗಿರುವವರೆಗೆ 1909ರ ತಪ್ಪು ಪೂರಾ ತಿದ್ದಿದಂತಾಗಲಿಲ್ಲ.

ಇದಕ್ಕೆ ಪರಿಹಾರವು ಸಂಸ್ಥೆಯ ಮೊದಲ ಶಿಬಿರದಲ್ಲಿಯೇ ಇದೆ: ಉಳ್ಳವನು ಉಳ್ಳಷ್ಟು ಕೊಡಲಿ, ಇಲ್ಲದವನು ಬರಿಗೈಯಲ್ಲಿ ಬರಲಿ, ಡೇರೆಯೊಳಗೆ ಇಬ್ಬರೂ ಒಂದೇ. ಶರಣರ ನಾಡಿಗೆ ಇದನ್ನು ಪರದೇಶದಿಂದ ಕಲಿಯುವ ಕಾರಣವಿಲ್ಲ. ಇದೇ ಸೀಮೆಯ ಅರಳಗುಂಡಿಗೆಯಲ್ಲಿ ಹುಟ್ಟಿದ ಶರಣಬಸವೇಶ್ವರರು ಹೊಲದ ಕಾಳಿಗೆ ಬಂದ ಹಕ್ಕಿಗಳನ್ನು ಓಡಿಸಲಿಲ್ಲ, ಅವುಗಳಿಗೆ ನೀರನ್ನೂ ಇರಿಸಿದರೆಂಬ ಕಥೆಯು ಇಲ್ಲಿಯ ಮನೆಮನೆಯ ಮಾತು. ಅವರು ದಾಸೋಹವನ್ನು ನಡೆಸಿದಲ್ಲಿ ಉಣ್ಣಲು ಬಂದವನ ಉಡುಪನ್ನು ಯಾರು ಕೇಳಿದರು?

ಆದಕಾರಣ ಭಕ್ತಾದಿಗಳು ಮೂರು ಕೆಲಸಗಳನ್ನು ಮನಸ್ಸಿಗೆ ತಂದುಕೊಳ್ಳುವದು ಯೋಗ್ಯವಾಗಿದೆ. ಮೊದಲನೆಯದು, ಮಠದ ಬಯಲೂ ಬಾವಿಯೂ ವರ್ಷದಲ್ಲಿ ನಾಲ್ಕು ದಿನ ಮೂರು ತಾಲೂಕುಗಳ ಬಾಲಚರರಿಗೆ ಮೀಸಲಾಗಲಿ. ದಾಸೋಹದ ಜೋಳ ಬೇಳೆಗಳು ಅವರ ಒಲೆಗೂ ಸಲ್ಲಲಿ. ಎರಡನೆಯದು, ಆ ಶಿಬಿರಕ್ಕೆ ಕೊರಳವಸ್ತ್ರವೊಂದೇ ಸಾಕೆಂದಾಗಲಿ. ಅದನ್ನು ಊರಿನ ಹಿರಿಯರು ಹೊಲಿಸಿ ಕೊಡಲಿ, ಜಾತಿಮತಗಳನ್ನು ಕೇಳದೆ ಕೊಡಲಿ. ಮೂರನೆಯದು, ಪ್ರತಿಯೊಂದು ಊರಿನಿಂದಲೂ ದಳವನ್ನು ನಡೆಸಬಲ್ಲ ಒಬ್ಬ ಮಾಸ್ತರರನ್ನೂ ಒಬ್ಬ ಅಕ್ಕೋರನ್ನೂ ತರಬೇತಿಗೆ ಕಳಿಸಲಿ. ಕರೆದೊಯ್ಯುವ ಅಕ್ಕೋರು ಇಲ್ಲದಿದ್ದರೆ ಹಳ್ಳಿಯ ತಾಯಿಯು ಮಗಳನ್ನು ಶಿಬಿರಕ್ಕೆ ಕಳಿಸಲಾರಳು; ಆಗ ಸಂಸ್ಥೆಯು ಕೊಟ್ಟ ಸಮಪಾಲು ಕಾಗದದಲ್ಲಿಯೇ ಉಳಿಯುವದು.

ಬಾಲಚರನು ತನ್ನ ಜೊತೆಗಾರನಿಗೆ ಎಡಗೈ ನೀಡಿ ವಂದಿಸುವನು. ಎಡಗೈಯಲ್ಲಿ ಗುರಾಣಿ ಹಿಡಿದ ವೀರನು ಅದನ್ನು ಕೆಳಗಿಟ್ಟರೆ ಮಾತ್ರ ಆ ಕೈಯನ್ನು ನೀಡಬಲ್ಲನು. ಅರ್ಥಾತ್ ನಿನ್ನಲ್ಲಿ ಭಯವಿಲ್ಲ ಎಂಬುದು ಅದರ ಭಾವವೆಂದು ಹೇಳುವರು. ಒಂದು ಕಾಲಕ್ಕೆ ಭಯದ ಡೇರೆಗಳನ್ನು ಕಂಡ ಈ ಗಡಿನಾಡಿನಲ್ಲಿ, ಸಾಹುಕಾರನ ಮಗನೂ ಕೂಲಿಯವನ ಮಗಳೂ ಹಾಗೆ ಎಡಗೈ ನೀಡಿ ಒಂದೇ ಒಲೆಯ ಸುತ್ತ ಕೂಡ್ರುವ ದಿನವು ಬಂದರೆ ಬಾಲಚರ ಸಂಸ್ಥೆಯು ಇಲ್ಲಿಗೆ ತಡವಾಗಿ ಬಂದರೂ ಪೂರ್ಣವಾಗಿ ಬಂದಿತೆಂದು ಹೇಳಬಹುದು. ಆ ದಿನವನ್ನು ತರುವ ಶಕ್ತಿಯು ಈ ಸಭೆಗೆ ಉಂಟು.